ಉಪವಾಸ ಅಂದ್ಕೊಂಡಿದ್ವಿ

ತಂಗಿ ಸುಮಂಗಲಾ,

ಅಲ್ಲೆ ಹೆಂಗದೀ? ಅವ್ವ ಆರಾಮ ಅದಾಳೇನು? ನಿನ್ನ ಹಿಂದಿಂದ ಅಲ್ಲಿಗೇ ಬಂದ ಗಾಳೆಪ್ಪ ಕಾಕಾನ ಮಂಡಿನೋವು ಕಡಿಮಿ ಆತೇನು? ನೀ ಒಣಗಿ ಒಣಗಿ ಕಣ್ಣು ಮುಚ್ಚಿ ಹನ್ನೊಂದು ವರ್ಷ ಆತು. ನಿನಗ ಬರಿಯೂದು ಮಾತ್ರ ನನಗ ಬಿಡಾಕ ಆಗಿಲ್ಲ.

ನಿನ್ನ ಮಗಳು ವಿಜಯಲಕ್ಷ್ಮಿ ಮೊದಲು ಸೋಮವಾರ ಅಷ್ಟ ಉಪವಾಸ ಅಂದಳು. ಆಮ್ಯಾಲ ಗುರುವಾರ, ಶನಿವಾರ ಕೂಡಿದವು. "ತಾಯಿ ಹಂಗ ಭಕ್ತಿವಂತಿ ನೋಡವಾ," ಅಂತ ಓಣ್ಯಾಗಿನ ಹೆಣ್ಮಕ್ಕಳು ಹೊಗಳಿದರು. ಅದನ್ನ ಕೇಳಿ ನನಗ ನೀ ನೆನಪಾದಿ. ನಿನ್ನೆ ಇರಕಲ್ಲಗಡದಿಂದ ಬಸ್ಸು ಹತ್ತಿಸಿ ಕೊಪ್ಪಳಕ್ಕ ಮನಸಿನ ಡಾಕ್ಟರಮ್ಮನ ಹತ್ರ ಕರಕೊಂಡು ಹೋದೆ.

"ದೇವರಿಗಂತ ಊಟ ಬಿಟ್ಟೀಯೇನವಾ?" ಅಂತ ಅವರು ಕೇಳಿದರು.

"ಇಲ್ರಿ. ಉಪವಾಸ ಅಂದ್ರ ಯಾರೂ ಉಣ್ಣು ಅಂತ ಕಾಡೂದಿಲ್ರಿ. ಉಂಡರ ನನ್ನ ಮ್ಯಾಲ ನನಗ ಹೇಸಿಗಿ ಬರತೈತಿ. ಎಲ್ಲಾ ಬ್ಯಾಸರ ಆಗೇತ್ರಿ."

ಊಟ ಬಿಟ್ಟಷ್ಟು ಮನಸ್ಸು ಕುಗ್ಗತೈತಿ, ಮನಸ್ಸು ಕುಗ್ಗಿದಷ್ಟು ಊಟ ಬ್ಯಾಡ ಆಗತೈತಿ, ಎರಡಕ್ಕೂ ಕೂಡೇ ಔಷಧ ಬೇಕು ಅಂದರು ಡಾಕ್ಟರಮ್ಮ. ನಿನಗೂ ಇದ ಬ್ಯಾನಿ ಇತ್ತೇನೋ, ತಂಗಿ. ನಿನ್ನ ಉಪವಾಸ ಕಂಡು, ಓಣಿ ಮಂದಿನೆಲ್ಲ ಕರದು ನಿನಗ ಉಡಿ ತುಂಬಿಸಿದಾಕಿ ನಾನ.

ಇವತ್ತು ವಿಜಯಲಕ್ಷ್ಮಿ ಎರಡು ತುತ್ತು ನುಚ್ಚು ಮಜ್ಜಿಗಿ ಉಂಡು, ಗ್ವಾಡಿ ಕಡೆ ಹೊಳ್ಳಿ ಮಲಗ್ಯಾಳ. ನೀನೂ ಹಂಗ ಮಲಗತಿದ್ದಿ. ಆವಾಗ ನಾ ಬಾಜೂಕ ಕುಂತು ನಿನಗ ಏನು ಕೇಳಬೇಕಿತ್ತು? ಅದನ್ನ ಆಕಿಗೆ ಕೇಳತೀನಿ. ಲಗೂನ ಬರದು ಕಳಸು, ತಂಗಿ.

ನಿನ್ನ ಅಕ್ಕ,
ಸುಂಕಲಮ್ಮ