ಪುಟ್ಟಿಯ ಎರಡು ಮಾತು

ಜೂನ್ ೧೪, ಶನಿವಾರ

ಬೆಳಗ್ಗೆ ಅಮ್ಮ ಮತ್ತೆ ಅದೇ ರಾಗ ಎಳೆದಳು: "ಕೈಸನ್ನೆ ಕಲಿಸಿ ಕಲಿಸಿ ಮಗು ಬಾಯಿಗೆ ಬೀಗ ಹಾಕ್ತಿದೀರ ನೀವಿಬ್ರೂ."

ನನ್ನವಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಪುಟ್ಟಿಗೆ ಒಂದೂವರೆ ವರ್ಷವಾದರೂ ಬಾಯಲ್ಲಿ ಒಂದು ಮಾತೂ ಬಂದಿರಲಿಲ್ಲ. ಹೊರಗೆ ಧೈರ್ಯ ತೋರಿಸಿದರೂ ನನಗೆ ಒಳಗೊಳಗೇ ಪುಕಪುಕ.

ಸಂಜೆ ಅಡುಗೆಮನೆಯಲ್ಲಿ ಪುಟ್ಟಿ ಅಮ್ಮನ ಕೈ ಜಗ್ಗಿ, "ಅಜ್ಜೀ, ನೀಲು" ಎಂದಳು. ಅಮ್ಮ ಗರಬಡಿದವಳಂತೆ ನಿಂತಳು. ಅಜ್ಜಿಗೆ ಕಾಯುವ ತಾಳ್ಮೆ ನಮ್ಮ ರಾಣಿಗೆಲ್ಲಿ? ತಾಯಿಯ ಹತ್ತಿರ ಓಡಿ, ತುಟಿ ಬಿಚ್ಚದೆ, ಅದೇ ನೀರನ್ನು ಕೈಸನ್ನೆಯಲ್ಲಿ ಕೇಳಿದಳು. ಯಾರೊಡನೆ ಹೇಗೆ ಮಾತಾಡಬೇಕೆಂದು ಅವಳಿಗೆ ಗೊತ್ತು!

ಪುಟ್ಟಿ ಹುಟ್ಟಿದ ದಿನದಿಂದ, ಮೀಯಿಸುವಾಗ, ಉಣ್ಣಿಸುವಾಗ, ಕಣ್ಣಲ್ಲಿ ಕಣ್ಣಿಟ್ಟು ಕೈಯಲ್ಲೇ ಹರಟಿದವಳು ನನ್ನವಳು. ಮಗುವಿಗೆ ಮಾತಿನ ರುಚಿ ಹತ್ತಿಸಿದ್ದೇ ಆ ಕೈಗಳು.

ಊಟದ ಹೊತ್ತಿಗೆ ಅಮ್ಮ ಮೆಲ್ಲಗೆ ಬಂದು, "ಲೋ, ನನ್ನೆದುರೇ ನೀವೆಲ್ಲ ನನ್ನ ಬೈಕೊಂಡ್ರೂ ಗೊತ್ತಾಗಲ್ಲ. ನಂಗೂ ಕಲಿಸೋಕೆ ಹೇಳೋ ಅವಳಿಗೆ" ಅಂದಳು. ಹೇಳಿದೆ. ನನ್ನವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಅತ್ತೆಯ ಎರಡೂ ಕೈ ಹಿಡಿದು ಎದುರಿಗೆ ಕೂರಿಸಿಕೊಂಡಳು.

ಇಂಥವಳ ಗಂಡ ನಾನು ಎಂದು ಊರಿಗೆಲ್ಲ ಕೇಳುವಂತೆ ಕೂಗಬೇಕೆನಿಸುತ್ತಿದೆ. ಆದರೆ ಪುಟ್ಟಿ ಈಗಷ್ಟೇ ಮಲಗಿದ್ದಾಳೆ.