ಸೈಟ್ ಮೇಲಿನ ಗುಲಾಬಿ ಚುಕ್ಕೆ

ಮಾರ್ಚ್ ೧೪, ಗುರುವಾರ

ಕಪ್ಪು ಗುರಿಯ ಮುಂದೆ ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಕಪ್ಪು ಸೈಟ್ ಕಾಣುವುದಿಲ್ಲವೆಂದು ಹೋದ ತಿಂಗಳು ಅದರ ತುದಿಗೆ ಅಕ್ಕನ ಗುಲಾಬಿ ನೇಲ್ ಪಾಲಿಶ್ ಹಚ್ಚಿದ್ದೆ. ಕೋಚ್ ಕೆಂಡಾಮಂಡಲವಾಗಿ ಶೀಶೆ ಕಿತ್ತುಕೊಂಡರು. "ಸೈಟ್‌ಗೆ ಹೊಳೀಬಾರದು ಅಂತ ಮಸಿ ಹಿಡಿಸ್ತಾರೆ, ಶೃಂಗಾರ ಮಾಡಲ್ಲ!" ಎಂದು ತಂಡದಿಂದಲೇ ಕೈಬಿಟ್ಟರು. ಅಂದಿನಿಂದ ಎಲ್ಲರ ಪಿಸ್ತೂಲು ಒರೆಸುವುದಷ್ಟೇ ನನ್ನ ಪಾಲಿಗೆ.

ಇವತ್ತು ರಾಶಿಯಲ್ಲಿ ಕೋಚ್ ಅವರದೂ ಬಂದಿತ್ತು. ಸೈಟ್ ತುದಿಯಲ್ಲಿ ಅದೇ ಗುಲಾಬಿ, ಅಕ್ಕನ ಅದೇ ಮಿನುಗು.

"ಸಾರ್, ಇದು..."

ಅವರ ಮುಖ ಬಿಳಿಚಿಕೊಂಡಿತು. "ಎರಡು ವರ್ಷದಿಂದ ನಂಗೂ ಸೈಟ್ ಕಾಣ್ತಿಲ್ಲಮ್ಮ." ಪಿಸ್ತೂಲಿನ ತುದಿಯನ್ನು ಉಗುರಿಂದ ಕೆರೆದು ನೋಡುತ್ತಾ, "ನಿಂದು ಒಣಗಿದ್ಮೇಲೆ ಉದುರ್ತಿತ್ತಾ?"

ಬಾಯಿಗೆ ಬಂದಂತೆ ಬೈಯಬೇಕಿತ್ತು. "ತೆಳ್ಳಗೆ ಎರಡು ಸಲ ಹಚ್ಚಿ, ಸಾರ್" ಎಂದುಬಿಟ್ಟೆ.