ಬಾಗಿಲು ತೆಗೆಯಲು ಒಬ್ಬ ಸಿಪಾಯಿ

ಮನೆ, ಹೊಲಿಗೆ ಕೋಣೆ
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ನನ್ನ ಮೊಂಡು ಮಗಳಿಗೆ, ಅಮ್ಮನ ಆಶೀರ್ವಾದ.

ಹೇಗಿದ್ದೀಯಾ? ಹೋಗುವಾಗಲೇ ನೋಯುತ್ತಿದ್ದ ಬಲಗಡೆಯ ದವಡೆ ಹಲ್ಲು ಕೀಳಿಸಿದೆಯೋ, ಇಲ್ಲ ಮಾತ್ರೆ ನುಂಗಿಕೊಂಡೇ ದಿನ ತಳ್ಳುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಮಂಡಿ ನೋವಿದೆ, ಹೊಲಿಗೆ ಮಿಷನ್ ತುಳಿಯುವವರಿಗೆ ಅದು ಇದ್ದದ್ದೇ. ಶಾಲೆಯ ಯೂನಿಫಾರಂ ಬಂದಿವೆ, ಇನ್ನೂ ನಲವತ್ತು ಅಂಗಿಗೆ ಕಾಲರ್ ಕೂರಿಸಬೇಕು. ನೀನು ನನ್ನ ಫೋನು ಎತ್ತದೆ ಹದಿನಾಲ್ಕು ತಿಂಗಳಾಯಿತು. ಮನೆ ಬದಲಾಯಿಸಿದ ಮೇಲೆ ವಿಳಾಸವನ್ನೂ ಕೊಟ್ಟಿಲ್ಲ. ಆದರೂ ಈ ಕಾಗದ ನಿನ್ನನ್ನು ಮುಟ್ಟುತ್ತದೆ ಎಂಬ ಅನುಮಾನ ನನಗಿದೆ. ಬೇರೆಯವರು ನಂಬಿಕೆ ಎನ್ನುವ ಕಡೆ ನಾನು ಅನುಮಾನ ಎನ್ನುತ್ತೇನೆ, ಅಷ್ಟೇ.

ಭಾನುವಾರದ ಆಟ ನಿಂತಿಲ್ಲ. ಅದೇ ದೊಡ್ಡ ನಕ್ಷೆಯ ಬೋರ್ಡು, ಅದೇ ಮರದ ಸಿಪಾಯಿಗಳು, ಹಡಗುಗಳು, ಅದೇ ಊಟದ ಮೇಜು. ಒಂದು ಆಟ ಮುಗಿಯಲು ಈಗಲೂ ಐದಾರು ಭಾನುವಾರ ಬೇಕು. ನಡುವಿನ ದಿನಗಳಲ್ಲಿ ಬೋರ್ಡಿನ ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ ಹಾಕಿ, ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತೇನೆ. ಆಡುವವರು ನಾಲ್ಕು ಜನ: ನಾನು, ಔಷಧಿ ಅಂಗಡಿಯ ಕಂಪೌಂಡರ್, ನಮ್ಮ ಲೈಬ್ರರಿಯಮ್ಮ, ಮತ್ತೆ ನನ್ನ ತಮ್ಮ, ಅಂದರೆ ನಿನ್ನ ಮಾವ. ನಿನ್ನ ನೀಲಿ ಪಡೆಯನ್ನು ಈಗ ಅವನೇ ಆಡಿಸುತ್ತಾನೆ. ನನ್ನ ಕೆಂಪು ಹಡಗನ್ನು ನೀನು ಬಚ್ಚಿಟ್ಟೆ ಎಂದು ನಾನು ಎಲ್ಲರೆದುರು ಕೂಗಾಡಿದ್ದು, “ಚಿಕ್ಕವಳಿಂದ್ಲೂ ಇವಳು ಹೀಗೇ” ಎಂದು ಬೇರೆ ಸೇರಿಸಿದ್ದು, ನೀನು ಕೆಲಸದ ಊರಿಗೆ ಹೋದವಳು ತಿರುಗಿ ಬಾರದೇ ಇದ್ದದ್ದು, ಎಲ್ಲ ಇದೇ ಮೇಜಿನಿಂದ. ಆ ಮಾತು ಈಗ ಬೇಡ. ಲೈಬ್ರರಿಯಮ್ಮ ತಮ್ಮ ಸರದಿಗೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಾರೆ, ನನಗೆ ಅರ್ಧ ಗಂಟೆ ಬಿಡುವು.

ವಿಷಯ ನಿನ್ನ ಮಾವನದು. ಗಡಿಯಾರ ರಿಪೇರಿಯಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೆ ಈ ಆಟದಲ್ಲಿ ಇಪ್ಪತ್ತು ವರ್ಷದಿಂದ ಪೆದ್ದ. ಎರಡನೇ ಭಾನುವಾರಕ್ಕೇ ಸೋತು ಉಳಿದವರಿಗೆ ಕಾಫಿ ಮಾಡಿಕೊಡುತ್ತಿದ್ದವನು. ಅಂಥವನು ಈ ಸಲ ಕಂಪೌಂಡರನ ಮೂರು ಬಂದರು ನುಂಗಿ ನೀರು ಕುಡಿದ. ನನಗೆ ಹೊಟ್ಟೆಯುರಿ ಎಂದುಕೊಳ್ಳಬೇಡ. ಸ್ವಲ್ಪ ಇದೆ. ಮೊದಲು ಕಂಪೌಂಡರ್ ಬೇಕೆಂದೇ ಸೋಲುತ್ತಿದ್ದಾನೆ ಅಂದುಕೊಂಡು ಎರಡು ವಾರ ಅವನನ್ನು ಮಾತಾಡಿಸಲಿಲ್ಲ. ಪಾಪ, ಅವನು ನನ್ನ ಮಂಡಿಗೆ ಮುಲಾಮು ತಂದುಕೊಟ್ಟ. ಅದರ ಮೇಲೂ ಅನುಮಾನ ಬಂದು, ತಾರೀಖು ನೋಡಿಯೇ ಹಚ್ಚಿಕೊಂಡೆ. ಆಮೇಲೆ ಲೈಬ್ರರಿಯಮ್ಮ ಯಾವುದೋ ಪುಸ್ತಕ ಕೊಟ್ಟಿರಬೇಕೆಂದು ನಿನ್ನ ಮಾವನ ಅಂಗಡಿಗೇ ಹೋಗಿ ಡ್ರಾಯರ್ ಎಳೆದು ನೋಡಿದೆ. ಬರೀ ಮುಳ್ಳು, ಚಕ್ರ. ಕೊನೆಗೊಂದು ಭಾನುವಾರ ಎಲ್ಲರೂ ಎದ್ದ ಮೇಲೆ ಅವನೊಬ್ಬನೇ ಹಿಂದೆ ಉಳಿದು ಬೋರ್ಡಿನ ಫೋಟೊ ತೆಗೆಯುವುದು ಕಣ್ಣಿಗೆ ಬಿತ್ತು. ಯಾಕೋ ಎಂದರೆ, “ಧೂಳು ಕೂತಿದ್ಯಾ ನೋಡ್ತಿದ್ದೆ ಅಕ್ಕ” ಅಂದ. ಫೋನಿನಲ್ಲಿ ಧೂಳು ನೋಡುವವನನ್ನು ನಾನು ಕಂಡಿದ್ದು ಅದೇ ಮೊದಲು.

ಹೋದ ಭಾನುವಾರ ಗುಟ್ಟು ಬಯಲಾಯಿತು. ಅವನು ಪಡೆಯನ್ನೆಲ್ಲ ನನ್ನ ಗಡಿಗೆ ತಂದು ನಿಲ್ಲಿಸಿದ, ಆದರೆ ತನ್ನ ಕೋಟೆಯಲ್ಲಿ ಒಬ್ಬನೇ ಒಬ್ಬ ಸಿಪಾಯಿಯನ್ನು ಬಿಟ್ಟುಬಂದಿದ್ದ. ಒಬ್ಬನಿಂದ ಕೋಟೆ ಉಳಿಯುವುದಿಲ್ಲ. ಅವನೂ ಮುಂದೆ ಬಂದಿದ್ದರೆ ನನ್ನ ಸೇತುವೆ ಹೋಗುತ್ತಿತ್ತು. ಈ ತಪ್ಪನ್ನು ಮಾಡುವವಳು ನನಗೆ ಗೊತ್ತಿದ್ದ ಹಾಗೆ ಒಬ್ಬಳೇ. ಎಂಟು ವರ್ಷದವಳಿದ್ದಾಗ ನೀನು ಹೀಗೇ ಒಬ್ಬನನ್ನು ಬಿಟ್ಟಿದ್ದೆ. ಒಂದು ಸಿಪಾಯಿ ದಂಡವಾಯಿತಲ್ಲೇ ಎಂದು ನಾನು ಬೈದಾಗ, “ಎಲ್ಲಾರೂ ಹೋದ್ರೆ, ವಾಪಸ್ ಬಂದಾಗ ಬಾಗ್ಲು ತೆಗೆಯೋರು ಯಾರಮ್ಮ?” ಎಂದಿದ್ದೆ. ದೊಡ್ಡವಳಾದ ಮೇಲೂ ಆ ಚಾಳಿ ಬಿಡಲಿಲ್ಲ, ಅದರಿಂದಲೇ ಎಷ್ಟು ಸಲ ಸೋತೆ! “ಅವನನ್ನ ಯಾಕೋ ಅಲ್ಲಿ ಬಿಟ್ಟೆ?” ಎಂದು ನಿನ್ನ ಮಾವನನ್ನು ಕೇಳಿದೆ. “ನಂಗೇನ್ ಗೊತ್ತು, ಅವಳು ಹಾಗೇ ಇರ್ಲಿ ಅಂದ್ಲು” ಎಂದವನು ನಾಲಿಗೆ ಕಚ್ಚಿಕೊಂಡ. ಯಾವ ಅವಳು ಎಂದು ನಾನು ಕೇಳಲಿಲ್ಲ. ಸೂಜಿ ಹುಡುಕುವವಳ ಹಾಗೆ ಮೇಜಿನ ಕೆಳಗೆ ಬಗ್ಗಿದೆ. ಕಣ್ಣೊರೆಸಿಕೊಂಡು ಮೇಲೇಳಲು ಸ್ವಲ್ಪ ಹೊತ್ತು ಹಿಡಿಯಿತು. ಮುನಿಸಿಕೊಂಡು ಹೋದವಳು ವಾರವಾರವೂ ನನ್ನ ಮೇಜಿಗೆ ಬಂದು ಆಡಿ ಹೋಗುತ್ತಿದ್ದೀಯಲ್ಲೇ! ಸಿಟ್ಟೂ ಬಂತು, ಸಂತೋಷವೂ ಆಯಿತು. ಸಂತೋಷವೇ ಜಾಸ್ತಿ.

ಆದರೂ ಖಾತ್ರಿ ಮಾಡಿಕೊಳ್ಳದೆ ಬಿಡುವವಳಲ್ಲ ನಾನು. ಈ ಕಾಗದವನ್ನು ಕವರಿಗೆ ಹಾಕಿ, ಮೇಲೆ ಏನೂ ಬರೆಯದೆ ನಿನ್ನ ಮಾವನ ಕೈಗೆ ಕೊಡುತ್ತೇನೆ. ಯಾರಿಗೆ ಎಂದು ಅವನು ಕೇಳಿದರೆ ನನ್ನ ಅನುಮಾನ ಸುಳ್ಳು. ಬಾಗಿಲಿನಿಂದ ಮೇಜು ಕಾಣುತ್ತಿದೆ, ಲೈಬ್ರರಿಯಮ್ಮ ಈಗಷ್ಟೇ ಒಂದು ಸಿಪಾಯಿಯನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟರು. ಹಲ್ಲು ಕೀಳಿಸಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಎಲ್ಲಿದ್ದರೂ ನಗುನಗುತ್ತಾ ಇರು ಮಗಳೇ.

ಇಂತಿ,
ನಿನ್ನ ಅನುಮಾನದ ಅಮ್ಮ

ತಾ.ಕ.: ಕೊಟ್ಟೆ. ಯಾರಿಗೆ, ಏನು, ಒಂದೂ ಕೇಳದೆ ಜೇಬಿಗೆ ಹಾಕಿಕೊಂಡ, ಬೆಪ್ಪ! ಒಂದು ಮಾತು ಬಿಟ್ಟುಹೋಯಿತೆಂದು ವಾಪಸ್ಸು ಕಿತ್ತುಕೊಂಡು ಬಂದು, ಮಿಷನ್ ಮೇಲಿಟ್ಟು ಬರೆಯುತ್ತಿದ್ದೇನೆ. ನನ್ನ ಸರದಿ ಬಂತೆಂದು ಕೂಗುತ್ತಿದ್ದಾರೆ. ಆ ಕೆಂಪು ಹಡಗು ಸಿಕ್ಕಿತು. ನನ್ನ ಗುಂಡಿ ಡಬ್ಬಿಯಲ್ಲಿತ್ತು. ಆ ದಿನ ಮೇಜಿನ ಮೇಲೆ ಗುಂಡಿ ಹರಡಿಕೊಂಡು ಅಂಗಿಗೆ ಹಾಕುತ್ತಿದ್ದವಳು ನಾನೇ, ಬಾಚಿ ಡಬ್ಬಿಗೆ ತುಂಬಿದವಳೂ ನಾನೇ. ಸಿಕ್ಕಿ ಎಂಟು ತಿಂಗಳಾಯಿತು. ಯಾರಿಗೂ ಹೇಳದೆ ಬಚ್ಚಿಟ್ಟೆ. ನಿನ್ನ ಮೇಲೆ ಹೊರಿಸಿದ್ದನ್ನು ನಾನೇ ಮಾಡಿದೆ. ಈಗ ಹೋಗಿ ಹಡಗನ್ನು ಬೋರ್ಡಿನ ಮೇಲಿಟ್ಟು ಆ ಮೂವರಿಗೂ ಹೇಳುತ್ತೇನೆ. ಈ ಕಾಗದ ಮುಟ್ಟುವ ಮೊದಲೇ ಬೋರ್ಡಿನ ಫೋಟೊ ನಿನಗೆ ಬಂದಿರುತ್ತದೆ. ಇನ್ನೊಂದು ಸಲ ತೆಗೆದು ನೋಡು. ಹಡಗು ಅಲ್ಲಿದೆ. ನನ್ನ ಕೋಟೆಯಲ್ಲೂ ಒಬ್ಬ ಸಿಪಾಯಿ ಇದ್ದಾನೆ.